ಬುತ್ತಿ ಕಿಂಡಿ

ಬಟ್ಟೆಯ ಎರಡು ಮೂಲೆಗಳನ್ನು ಡಬ್ಬಿಯ ಮೇಲೆ ಅಡ್ಡಹಾಕಿ, ಮೂರನೆಯದನ್ನು ಅವುಗಳ ಅಡಿಯಿಂದ ತೂರಿಸಿ ಎಳೆಯುವಷ್ಟರಲ್ಲಿ ಮಂಚದ ಕಡೆಯಿಂದ ಅತ್ತೆಯ ದನಿ ಬಂತು.

“ಬಿಗಿ ಸಾಲದು ಕಣೇ. ದಾರೀಲಿ ತುಳುಕಿತು ಅಂದ್ರೆ ಅವನ ಅಂಗಿ ಉಜ್ಜೋಳು ನೀನೇ.”

“ಬಿಗಿಯಾಗೇ ಇದೆ ಅತ್ತೆ.”

“ನನಗೆ ಇಲ್ಲಿಂದಲೇ ಕಾಣ್ತಿದೆ, ಎಷ್ಟು ಬಿಗಿ ಅಂತ.”

ಅತ್ತೆಯ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಕಿಟಕಿ ಎಲ್ಲಿದೆ, ಬಾಗಿಲು ಎಲ್ಲಿದೆ ಎನ್ನುವುದನ್ನೇ ಬೆಳಕಿನ ಅಂದಾಜಿನ ಮೇಲೆ ತಿಳಿಯುವ ಮುದುಕಿಗೆ ಅಡುಗೆಕಟ್ಟೆಯ ಮೇಲಿನ ಗಂಟು ಹೇಗೆ ಕಾಣಬೇಕು? ಆದರೂ ಸೊಸೆ ನಾಲ್ಕನೆಯ ಮೂಲೆಯನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಮೊಲದ ಕಿವಿಯ ಹಾಗೆ ಎಡಕ್ಕೆ ನಿಲ್ಲಿಸಿ, ಇನ್ನೊಮ್ಮೆ ಎಳೆದಳು. ಎರಡು ಸುತ್ತು, ಎಡಕ್ಕೊಂದು ಕಿವಿ. ಇದು ಈ ಮನೆಯ ಗಂಟು.

ಸಾಲುಮನೆಗಳಲ್ಲಿ ಒಂದೊಂದು ಮನೆಗೂ ಒಂದೊಂದು ಗಂಟಿತ್ತು. ಮನೆಗಳ ಎದುರಿಗೆ, ಓಣಿಯ ಅಗಲದಷ್ಟು ಜಾಗ ಬಿಟ್ಟರೆ, ಬಂದರಿನ ಕಪ್ಪುಕಲ್ಲಿನ ಗೋಡೆ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತರೂ ಆಚೆ ಇಣುಕಲಾರದಷ್ಟು ಎತ್ತರ. ಗೋಡೆಯಾಚೆ ಗಂಡಸರು: ಕ್ರೇನು ಓಡಿಸುವವರು, ಹಡಗಿಗೆ ಬಣ್ಣ ಬಳಿಯುವವರು, ಗೋದಾಮಿಗೆ ಮೂಟೆ ಹೊರುವವರು. ಈಚೆ ಹೆಂಗಸರು. ಬಂದರಿನ ಪಾಸು ಕೆಲಸಗಾರನ ಹೆಸರಿಗೆ ಮಾತ್ರ; ಹೆಂಡತಿ ಮಕ್ಕಳನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ಅದಕ್ಕೇ ಗೋಡೆ ಕಟ್ಟಿದವರು ಎದೆಯೆತ್ತರದಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ಮಧ್ಯಾಹ್ನದ ಸೈರನ್ನಿಗೆ ಮೊದಲು ಹೆಂಗಸರು ಬುತ್ತಿಯನ್ನು ಅದರೊಳಗೆ ತಳ್ಳುವುದು, ಆಚೆಯಿಂದ, ಬುತ್ತಿ ಹಂಚುವ ಕಿಂಡಿಮಾಮ ಎಳೆದುಕೊಳ್ಳುವುದು. ಡಬ್ಬಿಗಳೆಲ್ಲ ಬಂದರಿನವರೇ ಕೊಟ್ಟವು, ಒಂದೇ ಅಚ್ಚಿನವು. ಹೆಸರು ಬರೆದರೆ ಮಸಿಗೈಗಳಲ್ಲಿ ಅಳಿಸಿಹೋಗುತ್ತಿತ್ತು. ಬಟ್ಟೆಯ ಬಣ್ಣ ನೋಡಿ ಗುರುತು ಹಿಡಿಯೋಣವೆಂದರೆ ಸ್ವಲ್ಪ ದಿನಕ್ಕೇ ಎಲ್ಲವೂ ಇದ್ದಿಲಿನ ಬಣ್ಣಕ್ಕೆ ತಿರುಗುತ್ತಿದ್ದವು. ಉಳಿಯುತ್ತಿದ್ದದ್ದು ಗಂಟು. ಕಿಂಡಿಮಾಮ ಗಂಟು ನೋಡಿ ಇಂಥವನ ಬುತ್ತಿ ಬಂತು ಎಂದು ಕೂಗುತ್ತಿದ್ದ.

ಈಗ ಕಿಂಡಿಮಾಮನೂ ಇಲ್ಲ, ಹಡಗುಗಳೂ ಇಲ್ಲ. ಅವೆಲ್ಲ ಊರಾಚೆಯ ಹೊಸ ಬಂದರಿಗೆ ಹೋಗಿವೆ. ಹಳೆಯ ಬಂದರಿನಲ್ಲಿ ಉಳಿದಿರುವವನು ಅವಳ ಗಂಡನೊಬ್ಬನೇ. ಕ್ರೇನು ಓಡಿಸುತ್ತಿದ್ದವನು ನಿವೃತ್ತಿಯಾದ ಮೇಲೆ ಈಗ ನಿಂತುಹೋದ ಕ್ರೇನುಗಳನ್ನು ಕಾಯುತ್ತಾನೆ. ಕಿಂಡಿಯಲ್ಲಿ ಹೋಗುವ ಬುತ್ತಿಯೂ ಒಂದೇ. ಯಾವ ಗಂಟು ಹಾಕಿದರೂ, ಗಂಟೇ ಹಾಕದಿದ್ದರೂ, ಅದು ಸೇರಬೇಕಾದವನನ್ನೇ ಸೇರುತ್ತದೆ. ಆದರೆ ಇದನ್ನು ಅತ್ತೆಗೆ ಯಾರು ಹೇಳಬೇಕು?

ಅವಳು ಓಣಿ ದಾಟಿ ಡಬ್ಬಿಯನ್ನು ಕಿಂಡಿಯೊಳಗೆ ತಳ್ಳಿದಳು. ಆಚೆಯಿಂದ ಒಂದು ಕೈ ಬಂದು ಎಳೆದುಕೊಂಡಿತು.

“ಸಂಜೆ ನಕ್ಷೆ ಹುಡುಗಿ ಮನೆಗೆ ಬರ್ತಾಳಂತೆ,” ಎಂದಿತು ಗಂಡನ ದನಿ. “ಮನೆ ಸ್ವಲ್ಪ ಸರಿಮಾಡಿಟ್ಟಿರು. ಅಮ್ಮನಿಗೆ ಬೇರೆ ಬಟ್ಟೆ ಹಾಕು.”

“ಹೂಂ.”

“ಆಮೇಲೆ, ಗೋಡೆ ವಿಷಯ ಬಂದ್ರೆ ನೀನು ಏನೂ ಮಾತಾಡೋಕೆ ಹೋಗಬೇಡ. ನಾನು ನೋಡ್ಕೋತೀನಿ.”

“ನಾನ್ಯಾವಾಗ ಮಾತಾಡಿದೀನಿ?”

ಆಚೆ ನಗು ಕೇಳಿಸಿತು. ಮಾತು ನಿಜವಾಗಿತ್ತು.

*

ಹಳೆಯ ಬಂದರನ್ನು ಜನ ಓಡಾಡುವ ಜಾಗವನ್ನಾಗಿ ಮಾಡುತ್ತಾರೆ ಎಂಬ ಮಾತು ಬಹಳ ದಿನದಿಂದ ಇತ್ತು. ಹಡಗು ಬಂದು ನಿಲ್ಲುತ್ತಿದ್ದ ಧಕ್ಕೆಯುದ್ದಕ್ಕೂ ಕಲ್ಲು ಹಾಸಿ, ಬೆಂಚು ಇಟ್ಟು, ನೀರಿನಂಚಿಗೆ ಕಂಬಿ ಹಾಕುವುದು. ಗಾಡಿಗಳಿಗೆ ಪ್ರವೇಶವಿಲ್ಲ, ಕಾಲ್ನಡಿಗೆಯವರಿಗೆ ಮಾತ್ರ. ಗೋದಾಮುಗಳಲ್ಲಿ ಒಂದು ವಸ್ತುಸಂಗ್ರಹಾಲಯವಾಗುತ್ತದೆ, ಉಳಿದವು ತಿಂಡಿ ಅಂಗಡಿಗಳು. ಕ್ರೇನುಗಳಿಗೆ ಬಣ್ಣ ಹೊಡೆದು ಹಾಗೇ ನಿಲ್ಲಿಸುತ್ತಾರೆ, ಜನ ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಿ ಎಂದು.

ಇದರಲ್ಲೆಲ್ಲ ಸಾಲಿನವರಿಗೆ ತಕರಾರು ಇರಲಿಲ್ಲ. ತಕರಾರು ಬಂದದ್ದು ಗೋಡೆಗೆ. ಯೋಜನೆಯ ಕಚೇರಿಯಿಂದ ಬರುವ, ಎಲ್ಲರೂ ನಕ್ಷೆ ಹುಡುಗಿ ಎಂದು ಕರೆಯುವ, ಯಾವಾಗಲೂ ಕಂಕುಳಲ್ಲಿ ಕಾಗದದ ಸುರುಳಿ ಇಟ್ಟುಕೊಂಡ ಹೆಣ್ಣುಮಗಳು ಎರಡು ನಕ್ಷೆ ತಂದಿದ್ದಳು. ಒಂದರಲ್ಲಿ ಗೋಡೆ ಇದ್ದ ಹಾಗೇ ಇರುತ್ತದೆ. ಜನ ದೊಡ್ಡ ಗೇಟಿನಿಂದ ಒಳಗೆ ಹೋಗುತ್ತಾರೆ, ಸಾಲು ಗೋಡೆಯ ಹಿಂದೆ ಇದ್ದಲ್ಲೇ ಇರುತ್ತದೆ. ಇನ್ನೊಂದರಲ್ಲಿ ಸಾಲಿನ ಉದ್ದಕ್ಕೂ ಗೋಡೆ ಹೋಗುತ್ತದೆ. ಕಿಂಡಿಯಿರುವ ತುಂಡು ಮಾತ್ರ ನೆನಪಿಗೆಂದು ನಿಲ್ಲುತ್ತದೆ, ಮನೆಗಳ ಬಾಗಿಲು ನೇರ ಧಕ್ಕೆಗೆ ತೆರೆಯುತ್ತದೆ. ಯಾವುದು ಬೇಕು ಎಂದು ಸಾಲಿನವರೇ ಸಭೆಯಲ್ಲಿ ಕೈ ಎತ್ತಿ ಹೇಳಬೇಕು. ಮನೆಗೊಂದು ಕೈ.

ಸಂಜೆ ಆ ಹುಡುಗಿ ಬಂದು ಕುರ್ಚಿಯ ತುದಿಯಲ್ಲಿ ಕೂತದ್ದೇ ತಡ, ಗಂಡ ಶುರುಮಾಡಿದ.

“ನೋಡಿ ಮೇಡಂ, ಬೆಳಗಾದ್ರೆ ಐಸ್‌ಕ್ರೀಮ್ ಚೀಪ್ಕೊಂಡು ಬರೋ ಜನ ನಮ್ಮ ಅಡುಗೆಮನೆ ಕಿಟಕೀಲಿ ಇಣುಕಬೇಕಾ? ನಮ್ಮ ಹೆಂಗಸರೇನು ಝೂನಲ್ಲಿದಾರಾ?”

“ಇಣುಕಲಿ ಬಿಡೋ,” ಎಂದರು ಅತ್ತೆ ಮಂಚದಿಂದ. “ಇವಳ ಅಡುಗೆ ಕಂಡ್ರೆ ಅವರೇ ಓಡಿಹೋಗ್ತಾರೆ.”

ಹುಡುಗಿ ನಗಬೇಕೋ ಬೇಡವೋ ತಿಳಿಯದೆ ಅವಳ ಮುಖ ನೋಡಿದಳು. ಅವಳು ಲೋಟಗಳನ್ನು ತಟ್ಟೆಯಲ್ಲಿಡುತ್ತ ಸುಮ್ಮನೆ ಮುಗುಳ್ನಕ್ಕಳು. ಆ ನಗುವಿಗೆ ಇಷ್ಟು ವರ್ಷಗಳ ಅಭ್ಯಾಸವಿತ್ತು.

“ಆ ಗೋಡೆ ನಮ್ಮ ಮರ್ಯಾದೆ ಮೇಡಂ,” ಎಂದ ಗಂಡ. “ಅದಿದ್ದಿದ್ದಕ್ಕೇ ಮನೆ ಮನೆಯಾಗಿತ್ತು, ಕೆಲಸ ಕೆಲಸವಾಗಿತ್ತು. ಒಳಗಿಂದು ಹೊರಗೆ ಬರ್ತಿರ್ಲಿಲ್ಲ, ಹೊರಗಿಂದು ಒಳಗೆ ಬರ್ತಿರ್ಲಿಲ್ಲ.”

“ಅದನ್ನ ಸಭೇಲಿ ಹೇಳಿ ಸರ್. ಎಲ್ಲರದೂ ಕೇಳ್ತೀವಿ. ನಾನು ಇವತ್ತು ಬಂದಿದ್ದು ಕಿಂಡಿ ವಿಷಯಕ್ಕೆ. ಗೋಡೆ ಇದ್ರೂ ಹೋದ್ರೂ ಕಿಂಡಿ ಇರುತ್ತೆ. ಅದರ ಪಕ್ಕ ಒಂದು ಫಲಕ ಹಾಕ್ತೀವಿ. ಬುತ್ತಿಯ ಬಗ್ಗೆ ನಿಮಗೆ ನೆನಪಿರೋದು ಏನಾದ್ರೂ ಹೇಳ್ತೀರಾ?”

ಗಂಡನ ಮುಖ ಅರಳಿತು. ಅವನು ಏನು ಹೇಳುತ್ತಾನೆಂಬುದು ಅವಳಿಗೆ ಮೊದಲೇ ಗೊತ್ತಿತ್ತು. ನೆಂಟರು ಬಂದಾಗ, ಮಗಳ ಮದುವೆಯಲ್ಲಿ, ನಿವೃತ್ತಿಯ ದಿನದ ಭಾಷಣದಲ್ಲಿ, ಎಲ್ಲೆಡೆ ಹೇಳಿದ್ದನ್ನೇ ಅವನು ಈಗಲೂ ಹೇಳಿದ.

“ಮದುವೆಯಾದ ಹೊಸದರಲ್ಲಿ ಇವಳು ಕಳಿಸ್ತಿದ್ದ ಬುತ್ತಿ ಇದೆಯಲ್ಲ, ಮೇಡಂ, ಆ ರುಚಿ! ಒಂದು ಹತ್ತು ದಿನ ಇರಬಹುದು. ಬೆರಳು ಚೀಪ್ಕೊಂಡು ಉಂಡಿದ್ದೆ. ಆಮೇಲೆ ಏನಾಯ್ತೋ ಏನೋ, ಆ ಕೈರುಚಿ ಮತ್ತೆ ಬರಲೇ ಇಲ್ಲ. ಗಂಡ ಕೈಗೆ ಸಿಕ್ಕಿದ, ಇನ್ಯಾಕೆ ಕಷ್ಟಪಡಬೇಕು ಅಂದ್ಕೊಂಡ್ಳೋ ಏನೋ!”

ಹುಡುಗಿಗೆ ಖುಷಿಯೋ ಖುಷಿ. “ಇದನ್ನೇ ಹಾಕೋಣ ಸರ್. ಕ್ರೇನ್ ಕೆಲಸಗಾರನ ನೆನಪು ಅಂತ. ಆಂಟಿ, ಅಷ್ಟು ಚೆನ್ನಾಗಿ ಏನು ಮಾಡಿ ಕಳಿಸ್ತಿದ್ರಿ?”

“ಈಗ ಎಲ್ಲಿ ನೆನಪಿರುತ್ತಮ್ಮ?” ಎಂದಳು ಅವಳು.

ನೆನಪಿಲ್ಲದೆ ಏನು! ಆ ಹತ್ತು ದಿನ ಅವನು ಉಂಡದ್ದು ಅವಳ ಅಡುಗೆಯನ್ನೇ ಅಲ್ಲ. ಅವಳ ತವರೂ ಬಂದರಿನದೇ, ದೋಣಿ ರಿಪೇರಿಯವರ ಇನ್ನೊಂದು ಸಾಲು, ಅಲ್ಲಿ ಇನ್ನೊಂದು ಕಿಂಡಿ. ಅತ್ತೆ ಈ ಮನೆಯ ಗಂಟನ್ನು ತೋರಿಸಿಕೊಟ್ಟು ಮಗಳ ಬಾಣಂತನಕ್ಕೆಂದು ಹೊರಟುಹೋಗಿದ್ದರು. ಅವರು ಹೋದ ಮರುದಿನದಿಂದ ಹೊಸ ಸೊಸೆಯ ಕೈ ತನ್ನಷ್ಟಕ್ಕೆ ತವರಿನ ಗಂಟನ್ನೇ ಹಾಕತೊಡಗಿತು: ಒಂದೇ ಸುತ್ತು, ಎರಡು ಕಡೆಗೂ ಕಿವಿ. ಈ ಸಾಲಿನಲ್ಲಿ ಅದು ಪಕ್ಕದ ಮನೆಯ, ಹಡಗಿಗೆ ಬಣ್ಣ ಬಳಿಯುವವನ ಮನೆಯ ಗಂಟು. ಹೊಸ ಹುರುಪಿನಲ್ಲಿ ಅವಳು ಎಲ್ಲರಿಗಿಂತ ಮೊದಲು ಕಿಂಡಿಗೆ ಓಡುತ್ತಿದ್ದಳು. ಪಕ್ಕದ ಮನೆಯ ಅಕ್ಕ ಎಂದಿದ್ದರೂ ಕೊನೆಯವಳು. ಕಿಂಡಿಮಾಮ ಮೊದಲು ಬಂದದ್ದನ್ನು ಬಣ್ಣದವನಿಗೆ ಕೊಡುತ್ತಿದ್ದ. ಕೊನೆಗೆ ಅದೇ ಗಂಟಿನ ಇನ್ನೊಂದು ಬಂದಾಗ, ಬುತ್ತಿ ಬಾರದೆ ಉಳಿದವನು ಕ್ರೇನಿನವನೊಬ್ಬನೇ, ಹೊಸ ಹುಡುಗಿ ತಪ್ಪಿರಬೇಕೆಂದು ಅದನ್ನು ಅವನ ಕೈಗಿಡುತ್ತಿದ್ದ. ಹುಡುಗಿ ತಪ್ಪಿದ್ದು ನಿಜ. ಆದರೆ ಅದಲುಬದಲಾಗಿತ್ತು.

ಗಂಡ ಸಂಜೆ ಬಂದು ಅವಳ ಕೈ ಹಿಡಿದು ಹೊಗಳುತ್ತಿದ್ದ. ಅವಳು ಗಾಳಿಯಲ್ಲಿ ತೇಲಾಡುತ್ತಿದ್ದಳು. ಪಕ್ಕದ ಮನೆಯಲ್ಲಿ ಬಣ್ಣದವನು, ಉಪ್ಪಿಗೆ ಬರ ಬಂತಾ ಎಂದು ಹೆಂಡತಿಯ ಮೇಲೆ ಹಾರಾಡುತ್ತಿದ್ದ. ಕೊನೆಗೆ ಅಕ್ಕ ಒಂದು ದಿನ ದೊಡ್ಡ ರಸ್ತೆಯ ನಲ್ಲಿಯ ಹತ್ತಿರ ಅವಳನ್ನು ನಿಲ್ಲಿಸಿ, “ನೀನು ಬುತ್ತಿಗೆ ಗಂಟು ಹೇಗೆ ಹಾಕ್ತೀಯೇ? ಎಲ್ಲಿ, ಈ ವಸ್ತ್ರದಲ್ಲಿ ಹಾಕಿ ತೋರಿಸು,” ಎಂದಿದ್ದಳು. ತೋರಿಸಿದಾಗ ಅಕ್ಕ ಬಿದ್ದು ಬಿದ್ದು ನಕ್ಕಿದ್ದಳು. ಅವಳಿಗೆ ನಗು ಬಂದಿರಲಿಲ್ಲ. ಮರುದಿನದಿಂದ ಗಂಟು ಸರಿಹೋಯಿತು. ಹೊಗಳಿಕೆ ನಿಂತಿತು.

*

“ನನ್ನ ಅಡುಗೇನ ಕಲ್ಲಿನ ಮೇಲೆ ಕೆತ್ತಿಸ್ತಾರಂತಲ್ಲೇ, ನಿನ್ನ ಹೆಸರಲ್ಲಿ!” ಎಂದಳು ಅಕ್ಕ ಮರುದಿನ ಬೆಳಿಗ್ಗೆ, ಅದೇ ನಲ್ಲಿಯ ಹತ್ತಿರ. ಬಣ್ಣದವನು ತೀರಿಹೋಗಿ ಬಹಳ ಕಾಲವಾಗಿತ್ತು. ಅಕ್ಕ ಮಾತ್ರ ಇನ್ನೂ ಕೊನೆಯವಳಾಗಿಯೇ ನೀರಿಗೆ ಬರುತ್ತಿದ್ದಳು.

“ಬೇಕಾದ್ರೆ ಹೋಗಿ ನಿಜ ಹೇಳಿ ಬನ್ನಿ ಅಕ್ಕ.”

“ಅಯ್ಯೋ, ಈ ವಯಸ್ಸಿನಲ್ಲಿ ನಿನ್ನ ಗಂಡನಿಗೆ ನನ್ನ ಮೇಲೆ ಪ್ರೀತಿ ಹುಟ್ಟಿದ್ರೆ ಯಾರು ಸುಧಾರಿಸೋದು?” ಎಂದು ಅಕ್ಕ ಬಿಂದಿಗೆಯನ್ನು ಸೊಂಟಕ್ಕೇರಿಸಿದಳು. “ಅದಿರಲಿ. ನಿಮ್ಮನೆ ಕೈ ಯಾವ ಕಡೆಗೆ?”

“ನಮ್ಮನೆ ಕೈ ಅವರದು. ಗೋಡೆ ಇರಲಿ ಅಂತಾರೆ.”

“ಹಾಗಾದ್ರೆ ಗೋಡೆ ಇದ್ದ ಹಾಗೇ. ಸಾಲು ಸರಿಪಾಲಾಗಿದೆ ಕಣೇ. ನಿಮ್ಮನೆ ಬಿಟ್ಟರೆ ಈ ಕಡೆಗೆಷ್ಟೋ ಆ ಕಡೆಗೂ ಅಷ್ಟೇ. ನನ್ನ ಮನೆ ಕೈ ನನ್ನದೇ, ಒಡೆದು ಹಾಕಲಿ ಅಂತೀನಿ. ಬಾಗಿಲು ತೆಗೆದ್ರೆ ಕಪ್ಪು, ಕಿಟಕಿ ತೆಗೆದ್ರೆ ಕಪ್ಪು. ಸಾಕಾಗಿದೆ.” ಅಕ್ಕ ಅವಳ ಕಡೆ ತಿರುಗಿ ಕೇಳಿದಳು. “ನಿನಗೇನು ಬೇಕು?”

ಅವಳು ನಿಜವಾಗಿಯೂ ಯೋಚಿಸಿದಳು. ಗೋಡೆ ಹೋದರೆ ಮಧ್ಯಾಹ್ನದ ಬಿಸಿಲು ನೇರ ಅಡುಗೆಮನೆಗೆ ಹೊಡೆಯುತ್ತದೆ. ಅತ್ತೆಯ ಕಣ್ಣಿಗೆ ಬೆಳಕು ಚುಚ್ಚುತ್ತದೆ. ಮೈಮರೆತು ಬಾಗಿಲಲ್ಲಿ ಕೂತು ತಲೆ ಬಾಚಿಕೊಳ್ಳುವ ಹಾಗಿಲ್ಲ. ಗೋಡೆ ಇದ್ದರೆ ಇಷ್ಟು ವರ್ಷ ಇದ್ದ ಹಾಗೇ ಇರುತ್ತದೆ. ಅವಳಿಗೆ ಬೇಕೆಂದೂ ಅನಿಸಲಿಲ್ಲ, ಬೇಡವೆಂದೂ ಅನಿಸಲಿಲ್ಲ.

“ನನಗೇನಿದೆ ಅಕ್ಕ, ಯಾವುದಾದ್ರೂ ಸರಿ.”

“ಹಾಳಾಗಿ ಹೋಗು,” ಎಂದಳು ಅಕ್ಕ ಪ್ರೀತಿಯಿಂದ.

ಅಂದೇ ಮಧ್ಯಾಹ್ನದ ಮೇಲೆ ನಕ್ಷೆ ಹುಡುಗಿ ಮತ್ತೆ ಬಂದಳು. ಕಿಂಡಿಯ ಫೋಟೋ ಎರಡು ಕಡೆಯಿಂದಲೂ ಬೇಕಂತೆ. ಈಚೆಯಿಂದ ಅವಳು ಬುತ್ತಿ ತಳ್ಳುವಂತೆ ಒಂದು ತೆಗೆದಾಯಿತು. “ಆಂಟಿ, ಆಚೆ ಕಡೆಗೂ ಬರ್ತೀರಾ? ಕಿಂಡಿಯಿಂದ ಡಬ್ಬಿ ತಗೊಳ್ಳೋ ಹಾಗೆ ಒಂದು ತೆಗೀತೀನಿ. ಸರ್ ದೂರದ ಗೇಟಿನಲ್ಲಿ ಕಂಟ್ರ್ಯಾಕ್ಟರ್ ಜೊತೆ ಇದಾರೆ, ಅವರು ಬರೋದು ಹೊತ್ತಾಗುತ್ತೆ.”

“ನನಗೆ ಪಾಸಿಲ್ಲವಲ್ಲ,” ಎಂದಳು ಅವಳು.

ಹುಡುಗಿ ನಕ್ಕಳು. “ಇನ್ನೆಲ್ಲಿಯ ಪಾಸು ಆಂಟಿ!”

ಮಲಗಿದ್ದ ಅತ್ತೆಗೆ ಹೇಳದೆ ಅವಳು ಹುಡುಗಿಯ ಹಿಂದೆ ಹೊರಟಳು. ದೊಡ್ಡ ಗೇಟಿನ ಪಕ್ಕದ ಸಣ್ಣ ಬಾಗಿಲಿನಲ್ಲಿ ತಲೆ ತಗ್ಗಿಸಿ ಒಳಗೆ ಕಾಲಿಟ್ಟಳು. ಯಾರಾದರೂ ಕೂಗಿ ನಿಲ್ಲಿಸಬಹುದೆಂದು ಕಾದಳು. ಯಾರೂ ಕೂಗಲಿಲ್ಲ.

ನೀರು ಅವಳು ಎಣಿಸಿದ್ದಕ್ಕಿಂತ ಹತ್ತಿರವಿತ್ತು. ಹಾಸುಗಲ್ಲುಗಳ ನಡುವೆ ಕ್ರೇನಿನ ಹಳಿಗಳು ಹೂತುಹೋಗಿದ್ದವು, ಅವುಗಳ ಪಕ್ಕ ಹುಲ್ಲು ಎದ್ದಿತ್ತು. ಹಗ್ಗ ಸುತ್ತುವ ಗಿಡ್ಡ ಕಬ್ಬಿಣದ ಕಂಬಗಳು ತುಕ್ಕು ಹಿಡಿದು ಸಾಲಾಗಿ ಕೂತಿದ್ದವು. ನೀರಿನ ಮೇಲೆ ಎಣ್ಣೆಯ ಬಣ್ಣಗಳು ಅಗಲವಾಗಿ, ಚಿಕ್ಕದಾಗಿ, ಮತ್ತೆ ಅಗಲವಾಗುತ್ತಿದ್ದವು. ಗಂಡ ಹೇಳುತ್ತಿದ್ದಷ್ಟು ದೊಡ್ಡದಾಗಿ ಯಾವುದೂ ಇರಲಿಲ್ಲ. ಸಮುದ್ರ ನೋಡಬೇಕೆಂದರೆ ಅವಳು ಬಸ್ಸು ಹತ್ತಿ ಊರಿನ ಇನ್ನೊಂದು ಕೊನೆಗೆ ಹೋಗುತ್ತಿದ್ದಳು, ಅದೂ ನೆಂಟರು ಬಂದಾಗ. ಅದು ಇಷ್ಟು ವರ್ಷವೂ ಅವಳ ಒಲೆಯಿಂದ ಕೂಗಳತೆಯಲ್ಲಿತ್ತು.

ಕಿಂಡಿಯ ಈ ಕಡೆ ಗೋಡೆಗೆ ಒತ್ತಿಕೊಂಡಂತೆ ಉದ್ದಕ್ಕೊಂದು ಕಲ್ಲುಬೆಂಚು. ಗಂಡಸರು ಕೂತು ಕೂತು ಕಲ್ಲು ನುಣುಪಾಗಿ ಹೊಳೆಯುತ್ತಿತ್ತು. ಹುಡುಗಿ ಫೋಟೋ ತೆಗೆದು, ಅಳತೆಯ ಟೇಪು ಕಾರಿನಲ್ಲೇ ಬಿಟ್ಟೆನೆಂದು ಓಡಿದಳು. ಅವಳು ಬೆಂಚಿನ ಮೇಲೆ ಕೂತು ಗೋಡೆಗೆ ಬೆನ್ನು ಕೊಟ್ಟಳು. ಕಲ್ಲು ತಣ್ಣಗಿತ್ತು.

“ಎಲ್ಲಿ ಹಾಳಾಗಿ ಹೋದ್ಳೋ. ಬಾಯಿ ಒಣಗಿ ಸಾಯ್ತಿದೀನಿ, ಒಂದು ಲೋಟ ನೀರು ಕೊಡೋರಿಲ್ಲ.”

ಅವಳು ದಡಕ್ಕನೆ ಎದ್ದು ನಿಂತಳು. ‘ಬಂದೆ ಅತ್ತೆ’ ಎನ್ನುವ ಮಾತು ಬಾಯಿಯ ತುದಿಗೆ ಬಂದಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ, ಗೋಡೆ. ಅತ್ತೆ ತಮ್ಮಷ್ಟಕ್ಕೆ ತಾವು ಗೊಣಗುತ್ತಿದ್ದರು, ಕೂಗಿಯೂ ಇರಲಿಲ್ಲ. ಪಕ್ಕದಲ್ಲೇ ಕೂತು ಕಿವಿಯಲ್ಲಿ ಹೇಳಿದ ಹಾಗೆ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ಹಿಂದೆಯೇ ಪಕ್ಕದ ಮನೆಯ ಅಕ್ಕ ಪಾತ್ರೆ ಬೋರಲು ಹಾಕಿದ ಸದ್ದು. ಯಾರದೋ ಕೆಮ್ಮು.

ಹುಡುಗಿ ಮರಳಿ ಬಂದಾಗ ಅವಳು ಕೇಳಿದಳು. “ಇಲ್ಲಿ ನಮ್ಮ ಮನೆ ಮಾತು ಕೇಳಿಸುತ್ತಲ್ಲಮ್ಮ?”

“ಹೌದು ಆಂಟಿ, ಅದು ಇದರಿಂದ.” ಹುಡುಗಿ ಬಗ್ಗಿ, ಬೆಂಚಿನ ಬೆನ್ನಿಗೆ ಸಾಲಾಗಿದ್ದ ಮುಷ್ಟಿಯಗಲದ ತೂತುಗಳನ್ನು ತೋರಿಸಿದಳು. “ನಿಮ್ಮ ಓಣಿ ಎತ್ತರದಲ್ಲಿದೆ. ಮಳೆನೀರು ಬಸಿದು ಈ ಕಡೆ ಬರಲಿ ಅಂತ ಬಿಟ್ಟಿದ್ದು. ನೀರಿನ ಜೊತೆ ಮಾತೂ ಬರುತ್ತೆ. ನಾನೂ ಒಂದಿನ ಇಲ್ಲಿ ಕೂತು ಕೇಳಿ ಹೆದರಿಬಿಟ್ಟಿದ್ದೆ!”

“ನಮಗೆ ಈ ಕಡೆಯದು ಏನೂ ಕೇಳಿಸ್ತಿರಲಿಲ್ಲ.”

“ಕ್ರೇನಿನ ಸದ್ದಿನಲ್ಲಿ ಹೇಗೆ ಕೇಳಿಸುತ್ತೆ? ಊಟದ ಹೊತ್ತಲ್ಲಿ ಮಾತ್ರ ಎಲ್ಲ ನಿಲ್ಲಿಸ್ತಿದ್ರಂತೆ.”

ಊಟದ ಹೊತ್ತು. ಅವಳು ಮತ್ತೆ ಬೆಂಚನ್ನು ನೋಡಿದಳು. ಹೊಳಪು ಎಲ್ಲ ಕಡೆ ಒಂದೇ ಸಮನಾಗಿತ್ತು. ಅವಳ ಅಡುಗೆಮನೆಯ ನೇರಕ್ಕೂ ಅಷ್ಟೇ ನುಣುಪು.

*

ರಾತ್ರಿ ಊಟವಾದ ಮೇಲೆ ಗಂಡ ಹೊಸ್ತಿಲ ಬಳಿ ಕೂತು ಬೂಟಿಗೆ ಎಣ್ಣೆ ಹಚ್ಚುತ್ತಿದ್ದ. ಅವಳು ಪಾತ್ರೆ ಒರೆಸುತ್ತ ಕೇಳಿದಳು.

“ರೀ, ನೀವು ಬುತ್ತಿ ಎಲ್ಲಿ ಕೂತು ಉಣ್ತಿದ್ರಿ?”

“ಇನ್ನೆಲ್ಲಿ, ಕಿಂಡಿ ಪಕ್ಕದ ಬೆಂಚಿನ ಮೇಲೆ. ಎಲ್ಲರೂ ಅಲ್ಲೇ.”

“ಅಲ್ಲಿ ನಮ್ಮ ಮಾತು ಕೇಳಿಸ್ತಿತ್ತಾ?”

ಗಂಡ ಬೂಟನ್ನು ತಿರುವಿ ಹಿಂಬದಿಗೆ ಎಣ್ಣೆ ಹಚ್ಚಿದ. “ಕೇಳಿಸ್ತಿತ್ತು. ಎಲ್ಲರ ಮನೇದೂ ಕೇಳಿಸ್ತಿತ್ತು. ಯಾಕೆ, ಆ ಹುಡುಗಿ ಏನಾದ್ರೂ ಹೇಳಿದ್ಳಾ?”

“ಸುಮ್ಮನೆ ಕೇಳ್ದೆ.”

“ನೋಡು, ಅದನ್ನೆಲ್ಲ ಅವಳ ಹತ್ರ ಹೇಳೋಕೆ ಹೋಗಬೇಡ. ಅದು ನಮ್ಮ ಗಂಡಸರ ಕಟ್ಟುಪಾಡು.” ಅವನ ದನಿಯಲ್ಲಿ ಸಂಕೋಚವಿರಲಿಲ್ಲ. ಒಂದು ಒಳ್ಳೆಯ ವಿಷಯವನ್ನು ಇಷ್ಟು ದಿನ ಹೇಳದೆ ಕಾಪಾಡಿದವನ ಹೆಮ್ಮೆಯಿತ್ತು. “ಬೆಂಚಿನ ಮೇಲೆ ಕೇಳಿದ್ದನ್ನ ಮನೆಗೆ ಒಯ್ಯಬಾರದು. ಯಾರ ಮನೇಲಾದ್ರೂ ಜಗಳ ಆಯ್ತು, ಯಾರಾದ್ರೂ ಅತ್ರು ಅಂದ್ರೆ, ಎಲ್ಲರೂ ತಲೆ ತಗ್ಗಿಸಿ ಉಣ್ಣೋದು. ಆ ಮನೆಯವನ ಡಬ್ಬಿಗೆ ನಮ್ಮ ಡಬ್ಬಿಯಿಂದ ಒಂದೊಂದು ತುತ್ತು ಹಾಕೋದು. ಅಷ್ಟೇ. ಒಂದು ಮಾತು ಆಡ್ತಿರ್ಲಿಲ್ಲ. ಈಗಿನ ಕಾಲದೋರಿಗೆ ಅದೆಲ್ಲಿ ಅರ್ಥ ಆಗುತ್ತೆ?”

“ನಿಮ್ಮ ಡಬ್ಬಿಗೂ ಹಾಕ್ತಿದ್ರಾ?”

“ಹಾಕದೆ ಏನು?” ಅವನು ಬೂಟನ್ನು ಕೆಳಗಿಟ್ಟ. ದನಿ ತಗ್ಗಿತು. “ನಮ್ಮ ಮೊದಲನೇದು ಹೋಯ್ತಲ್ಲ, ಆ ವಾರ ಒಂದಿನ ಡಬ್ಬಿ ತುಂಬಿಹೋಗಿತ್ತು. ಬಣ್ಣದವನಂತೂ ತಂದಿದ್ದನ್ನೆಲ್ಲ ನನಗೇ ಹಾಕಿಬಿಟ್ಟ. ಅಂಥ ಜನ.”

ಅವಳು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು.

ಅವತ್ತು. ಹೊಟ್ಟೆಯಲ್ಲಿದ್ದದ್ದು ಹೋಗಿ ವಾರವೂ ಆಗಿರಲಿಲ್ಲ. ಎದ್ದು ಅಡುಗೆ ಮಾಡಿ ಬುತ್ತಿ ಕಳಿಸಿ ಬಂದು ನೆಲದ ಮೇಲೆ ಕೂತಿದ್ದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಒಂದು ಗಂಟು ನೆಟ್ಟಗೆ ಹಾಕೋಕೆ ಬರಲ್ಲ, ಒಂದು ಕೂಸು ನೆಟ್ಟಗೆ ಹೊರೋಕೆ ಬರಲ್ಲ. ಎಂಥದನ್ನ ತಂದು ಕಟ್ಟಿದ್ರೋ ನನ್ನ ಮಗನಿಗೆ,” ಎಂದಿದ್ದರು. ಇನ್ನೂ ಏನೇನೋ ಅಂದಿದ್ದರು. ಅವಳು ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಿದ್ದಳು. ಸಂಜೆ ಗಂಡ ಬಂದು, “ಯಾಕೆ, ಮುಖ ಹೀಗಿದೆ?” ಎಂದು ಕೇಳಿದ್ದ. ಅವಳು “ಏನಿಲ್ಲ” ಎಂದಿದ್ದಳು. ದಣಿದು ಬಂದವನಿಗೆ ಇನ್ನೊಂದು ಹೊರೆ ಯಾಕೆ, ಅವನಿಗೇನು ಗೊತ್ತು ಪಾಪ, ಗೋಡೆಯಾಚೆ ಇರುವವನು. ಅಂದು ಶುರುವಾದ ‘ಏನಿಲ್ಲ’ ಆಮೇಲೆ ಮನೆಯ ಮಾತಾಯಿತು. ಎಷ್ಟೋ ಸಂಜೆ ಅವನು ಅದನ್ನೇ ಕೇಳಿದ, ಅವಳು ಅದನ್ನೇ ಹೇಳಿದಳು.

ಅದಕ್ಕಿಂತ ಹೆಚ್ಚಾಗಿ ಅವಳಿಗೆ ಆ ಡಬ್ಬಿ ನೆನಪಾಯಿತು. ಅವತ್ತು ಅರ್ಧ ಊಟ ಹಾಗೇ ಮರಳಿತ್ತು. ತೊಳೆಯಲು ಮುಚ್ಚಳ ತೆಗೆದವಳು ಅದನ್ನು ನೋಡುತ್ತ ನಿಂತುಬಿಟ್ಟಿದ್ದಳು. ಬಾಯಿಬಿಟ್ಟು ಹೇಳದಿದ್ದರೇನು, ಅವನಿಗೂ ತುತ್ತು ಇಳಿದಿಲ್ಲ ಎಂದುಕೊಂಡಿದ್ದಳು. ಅತ್ತೆಯ ಮಾತು ಚುಚ್ಚಿದಾಗಲೆಲ್ಲ, ಮಗಳು ಹುಟ್ಟುವವರೆಗೂ, ಹುಟ್ಟಿದ ಮೇಲೂ, ಆ ಅರ್ಧ ಡಬ್ಬಿಯನ್ನು ಮನಸ್ಸಿನಲ್ಲೇ ತೆರೆದು ನೋಡಿ ಮುಚ್ಚುತ್ತಿದ್ದಳು.

ಅವನಿಗೆ ಹೊಟ್ಟೆ ತುಂಬಿತ್ತು.

“ಅವತ್ತು ನನಗೊಂದು ಮಾತು ಹೇಳಬಹುದಿತ್ತು,” ಎಂದಳು. ದನಿ ಎಂದಿನ ಹಾಗೇ ಇತ್ತು.

“ಏನಂತ ಹೇಳೋದು? ಅಮ್ಮನಿಗೆ ಹೇಳಿದ್ರೆ ಅಮ್ಮನಿಗೆ ನೋವು. ನಿನಗೆ ಹೇಳಿದ್ರೆ, ಎಲ್ಲರೂ ಕೇಳಿಸ್ಕೊಂಡ್ರು ಅಂತ ನಿನಗೆ ಅವಮಾನ. ಗೋಡೆ ಇರೋದೇ ಅದಕ್ಕೆ ಅಲ್ವೇನೇ?” ಅವನು ಎದ್ದು ಕೈ ತೊಳೆಯಲು ಹೋದ. ಹೋಗುತ್ತ ತಿರುಗಿ ಕೇಳಿದ. “ಯಾಕೆ, ಮುಖ ಹೀಗಿದೆ?”

“ಏನಿಲ್ಲ,” ಎಂದಳು ಅವಳು.

*

ಸಭೆಯ ದಿನವೇ ಕಂಟ್ರ್ಯಾಕ್ಟರ್ ದೊಡ್ಡ ಕ್ರೇನನ್ನು ಸರಿಸಲು ಯಂತ್ರ ತರುತ್ತಾನೆಂದು ಗೊತ್ತಾಯಿತು. ಅದು ಅವನು ಓಡಿಸುತ್ತಿದ್ದ ಕ್ರೇನು. ಬಿಟ್ಟು ಬರುವ ಹಾಗಿರಲಿಲ್ಲ.

“ನೀನೇ ಹೋಗಿ ಕೈ ಎತ್ತಿ ಬಾ,” ಎಂದ ಬೆಳಿಗ್ಗೆ. “ಆ ಹುಡುಗಿಗೆ ಹೇಳಿದೀನಿ, ನಮ್ಮನೆಯಿಂದ ನೀನು ಬರ್ತೀಯ ಅಂತ. ಮೊದಲು ಗೋಡೆ ಇರಲಿ ಅನ್ನೋರು ಯಾರು ಅಂತ ಕೇಳ್ತಾರೆ. ಆಗ ಎತ್ತು. ಆಮೇಲೆ ಬೇಡ ಅನ್ನೋರನ್ನ ಕೇಳ್ತಾರೆ. ಆಗ ಸುಮ್ಮನೆ ಕೂತಿರು. ಗಡಿಬಿಡಿ ಮಾಡ್ಕೋಬೇಡ.”

“ಇಲ್ಲ.”

ಮಧ್ಯಾಹ್ನ ಅಡುಗೆ ಮುಗಿಸಿ, ಬುತ್ತಿ ತುಂಬಿ, ಎರಡು ಸುತ್ತು ಸುತ್ತಿ ಎಡಕ್ಕೆ ಕಿವಿ ನಿಲ್ಲಿಸಿದಳು. ಒಗೆದ ಬಟ್ಟೆ ಉಟ್ಟು, ಹೊರಡುವ ಮುನ್ನ ಅಡುಗೆಮನೆಯ ಕಿಟಕಿಯ ಮುಂದೆ ನಿಂತಳು. ಎದುರಿಗೆ ಕಪ್ಪುಕಲ್ಲು. ಕಲ್ಲಿನ ಸಂದಿಯಲ್ಲಿ ಪಾಚಿ ಹಿಡಿದ ಗೆರೆ. ಅವಳು ಕಿಟಕಿಯ ಚೌಕಟ್ಟಿಗೆ ಮೊಳಕೈ ಹಚ್ಚಿ ಅಡ್ಡಕ್ಕೊಮ್ಮೆ ಅಳೆದಳು, ಉದ್ದಕ್ಕೊಮ್ಮೆ ಅಳೆದಳು.

“ಏನೇ ಅದು ಕಿಟಕಿ ಹತ್ರ?” ಎಂದರು ಅತ್ತೆ.

“ಪರದೆ ಹೊಲಿಸೋಣ ಅಂತ ಅತ್ತೆ.”

“ಈ ಕತ್ತಲೆ ಗೂಡಿಗೆ ಪರದೆ ಬೇರೆ ಕೇಡು.”

ಅವಳು ನೀರಿನ ಲೋಟವನ್ನು ಅತ್ತೆಯ ಕೈಗೆ ಸಿಗುವಂತೆ ಇಟ್ಟು ಬಾಗಿಲು ಎಳೆದುಕೊಂಡಳು.

ಕಿಂಡಿಯಲ್ಲಿ ಡಬ್ಬಿ ತಳ್ಳಿದಾಗ ಆಚೆಯಿಂದ ಯಂತ್ರದ ಸದ್ದು ಜೋರಾಗಿತ್ತು. ಗಂಡ ಕಿಂಡಿಗೆ ಬಾಯಿ ಹಚ್ಚಿ ಕೂಗಬೇಕಾಯಿತು. “ನೆನಪಿದೆ ತಾನೆ? ಮೊದಲು ಕೇಳಿದಾಗ!”

“ನೆನಪಿದೆ.”

“ಏನಂದೆ? ಕೇಳಿಸ್ಲಿಲ್ಲ!”

“ನೆನಪಿದೆ ಅಂದೆ,” ಎಂದು ಅವಳೂ ಕೂಗಿದಳು.

ಸಭೆ ಸಾಲಿನ ಕೊನೆಯ ಖಾಲಿ ಗೋದಾಮಿನಲ್ಲಿತ್ತು. ಮಡಚುವ ಕುರ್ಚಿಗಳು, ಗೋಡೆಗೆ ಅಂಟಿಸಿದ ಎರಡು ನಕ್ಷೆಗಳು. ಪಕ್ಕದ ಮನೆಯ ಅಕ್ಕ ಇಂದು ಮಾತ್ರ ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳನ್ನು ಕಂಡು ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ಚೀಲ ತೆಗೆದಳು.

“ನಿನ್ನ ಗಂಡ ಬರಲಿಲ್ವಾ?”

“ಕೆಲಸ ಇತ್ತು.”

“ಏನು ಹೇಳಿ ಕಳಿಸಿದಾನೆ?”

“ಗೋಡೆ ಇರಲಿ ಅಂತ.”

ಅಕ್ಕ ನಿಟ್ಟುಸಿರು ಬಿಟ್ಟಳು. “ಹೋಗಲಿ ಬಿಡು. ನೀನಾದ್ರೂ ಏನು ಮಾಡ್ತೀಯ?”

ಅವಳು ಚಪ್ಪಲಿಯನ್ನು ಕುರ್ಚಿಯ ಕೆಳಗೆ ಸರಿಸಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಮೊದಲ ಸಲ ಕೇಳಿದಾಗ ಅವು ಅಲ್ಲೇ ಇರುತ್ತವೆ. ಎರಡನೆಯ ಸಲ ಕೇಳಿದಾಗ ಬಲಗೈ ಮೇಲೇಳುತ್ತದೆ. ಇದನ್ನು ಅಕ್ಕನಿಗೆ ಈಗಲೇ ಹೇಳಬೇಕಾದ್ದೇನಿಲ್ಲ. ಸಂಜೆ ಮನೆಯಲ್ಲಿ ಯಾಕೆ ಎಂದು ಕೇಳಿದರೆ ಹೇಳಬೇಕಾದ್ದೂ ಏನಿಲ್ಲ. ನಕ್ಷೆ ಹುಡುಗಿ ಎದ್ದು ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಪರದೆಗೆ ದಪ್ಪ ಬಟ್ಟೆಯೇ ಬೇಕು, ಮಧ್ಯಾಹ್ನದ ಬಿಸಿಲು ತಡೆಯುವಂಥದ್ದು, ಎಂದು ಅವಳು ಲೆಕ್ಕ ಹಾಕುತ್ತ ಕೂತಳು. ಬೆಳಿಗ್ಗೆ ಸಂಜೆ ಸರಿಸುವುದಕ್ಕೆ ಬರುವ ಹಾಗೆ ಉಂಗುರ ಹಾಕಿಸಬೇಕು.